ಸತ್ತವನನ್ನು ಎಬ್ಬಿಸಿ ಕಥೆ ಕೊಂದರು!

ಡಿಸ್ನಿಯವರ ಕಾರ್ಟೂನ್ ಚಿತ್ರ ಅಂದ್ರೆ ನನಗೆ ಪ್ರಾಣ. ಆದರೂ 1985ರ 'ದಿ ಬ್ಲ್ಯಾಕ್ ಕಾಲ್ಡ್ರನ್' ನೋಡಿ ಮನಸ್ಸು ಪಿಚ್ಚೆನಿಸಿತು ಕಣ್ರೀ.

ಲಾಯ್ಡ್ ಅಲೆಗ್ಸಾಂಡರ್ 1964ರಿಂದ 1968ರವರೆಗೆ ಬರೆದ ಐದು ಮಕ್ಕಳ ಕಾದಂಬರಿಗಳಲ್ಲಿ ಮೊದಲೆರಡನ್ನು 80 ನಿಮಿಷಕ್ಕೆ ಹಿಂಡಿದ್ದಾರೆ. 70 ಎಂ.ಎಂ. ವೈಭವ, ಸುಮಾರು 4.4 ಕೋಟಿ ಡಾಲರ್ ಖರ್ಚು. ಬಿಡುಗಡೆಗೆ ಮೊದಲೇ ಸ್ಟುಡಿಯೋದ ಹೊಸ ಯಜಮಾನ ಜೆಫ್ರಿ ಕಾಟ್ಜೆನ್‌ಬರ್ಗ್ ಸುಮಾರು 12 ನಿಮಿಷ ಕತ್ತರಿಸಿದರು. ಅಮೆರಿಕದಲ್ಲಿ ಗಳಿಸಿದ್ದು ಬರೀ 2.1 ಕೋಟಿ!

ನನ್ನ ತಕರಾರು ಬೇರೆ. ಕಥೆಯಲ್ಲೊಂದು ಮಾಯಾ ಕೊಪ್ಪರಿಗೆ. ಹೆಣಗಳನ್ನು ಎಬ್ಬಿಸಿ ಸೈನ್ಯ ಕಟ್ಟುತ್ತೆ. ಬದುಕಿರುವವರು ತಾವಾಗಿ ಒಳಗಿಳಿದರೆ ಮಾತ್ರ ಅದರ ಆಟ ಮುಗಿಯೋದು. ಪುಸ್ತಕದಲ್ಲಿ ಹಾಗೆ ಇಳಿಯುವವನು, ಹಂದಿ ಕಾಯೋ ನಾಯಕ ಟಾರನ್‌ನನ್ನು ಹೀಯಾಳಿಸುತ್ತಿದ್ದ ಸೊಕ್ಕಿನ ರಾಜಕುಮಾರ ಎಲಿಡಿರ್. ಹೋದವನು ಹೋದ, ತಿರುಗಿ ಬರೋದಿಲ್ಲ.

ಸಿನಿಮಾದಲ್ಲಿ ಅವನೇ ಇಲ್ಲ! ಅವನ ಬದಲು ಮುದ್ದು ಪ್ರಾಣಿ ಗುರ್ಗಿ ಹಾರುತ್ತೆ. ನನ್ನ ಗಂಟಲು ಕಟ್ಟಿತು. ಸ್ವಲ್ಪ ಹೊತ್ತಿಗೇ ಮಾಟಗಾತಿಯರು ಅದನ್ನು ಬದುಕಿಸಿ ಕೊಟ್ಟೇಬಿಟ್ಟರು!

ಮಕ್ಕಳು ಅಳಬಾರದು ಅಂತಲೇ? 1942ರಲ್ಲಿ 'ಬಾಂಬಿ'ಯ ತಾಯಿ ಸತ್ತಾಗ ಇದೇ ಡಿಸ್ನಿಯವರು ಎಬ್ಬಿಸಲಿಲ್ಲವಲ್ಲ! ಅದಕ್ಕೇ ಸ್ವಾಮಿ, ಅವಳನ್ನು ಇನ್ನೂ ಯಾರೂ ಮರೆತಿಲ್ಲ.