ಗೃಹಪ್ರವೇಶದ ದಿನದ ಬಹುಮಾನ

ಕವಿಗೆ ಪ್ರಶಸ್ತಿ ಕೊಡುವ ಮುಂಚೆ ನಾವು ಅವನ ಪುಸ್ತಕವನ್ನು ಓದುತ್ತೇವೆ. ನಾವು ಓದದಿದ್ದರೆ ಓದಿದವರನ್ನಾದರೂ ಕೇಳುತ್ತೇವೆ. ಸಂಗೀತಗಾರನಿಗೆ ಬಿರುದು ಕೊಡುವ ಮುಂಚೆ ನಾಲ್ಕು ಕಚೇರಿಗಳಲ್ಲಾದರೂ ಅವನ ಹಾಡನ್ನು ಕೇಳಿರುತ್ತೇವೆ. ಕಟ್ಟಡದ ವಿಷಯ ಬಂದಾಗ ಮಾತ್ರ ನಮ್ಮ ಈ ತಾಳ್ಮೆ ಎಲ್ಲಿಗೋ ಓಡಿಹೋಗುತ್ತದೆ. ಗೋಡೆಯ ಬಣ್ಣ ಇನ್ನೂ ಹಸಿಯಾಗಿರುವಾಗಲೇ ಫೋಟೋ ತೆಗೆಸಿ ತೀರ್ಪುಗಾರರ ಮೇಜಿನ ಮೇಲೆ ಇಡುತ್ತಾರೆ. ಆ ಫೋಟೋದಲ್ಲಿ ಮನುಷ್ಯರು ಇರುವುದಿಲ್ಲ. ಒಣಹಾಕಿದ ಬಟ್ಟೆ, ಬಾಗಿಲಲ್ಲಿ ಬಿಟ್ಟ ಚಪ್ಪಲಿ, ಅಡುಗೆಮನೆಯ ಹೊಗೆ, ಇವು ಯಾವುವೂ ಇರುವುದಿಲ್ಲ. ಬಿಸಿಲು ಕೂಡ ಛಾಯಾಗ್ರಾಹಕ ಹೇಳಿದ ಕಡೆಯಿಂದಲೇ ಬೀಳುತ್ತಿರುತ್ತದೆ. ಒಂದು ಮಳೆಗಾಲವನ್ನೂ ಕಾಣದ ಆ ಕಟ್ಟಡಕ್ಕೆ ‘ಶ್ರೇಷ್ಠ ವಾಸ್ತುಶಿಲ್ಪ’ ಎಂಬ ಬಿರುದು ಸಿಗುತ್ತದೆ. ಮದುವೆಯ ಮಂಟಪದಲ್ಲಿ ನಿಂತಿರುವ ವಧೂವರರಿಗೆ ‘ಆದರ್ಶ ದಂಪತಿ’ ಎಂದು ಪದಕ ತೊಡಿಸಿದರೆ ಹೇಗೋ ಇದೂ ಹಾಗೆಯೇ.

ಹಾಗಾದರೆ ಹಳೆಯ ಕಟ್ಟಡಗಳಿಗೆ ಮಾನ್ಯತೆಯೇ ಇಲ್ಲವೆ ಎಂದು ಕೇಳಬಹುದು. ಇದೆ; ಆದರೆ ಅದು ಬಹಳ ತಡವಾಗಿ ಬರುತ್ತದೆ. ಪ್ರಾಚೀನ ಸ್ಮಾರಕಗಳ ಬಗ್ಗೆ 1958ರಲ್ಲಿ ಆದ ಕೇಂದ್ರದ ಕಾನೂನಿನ ಪ್ರಕಾರ ಒಂದು ಕಟ್ಟಡ ‘ಪ್ರಾಚೀನ’ ಎನಿಸಿಕೊಳ್ಳಬೇಕಾದರೆ ಅದಕ್ಕೆ ನೂರು ವರ್ಷವಾದರೂ ತುಂಬಿರಬೇಕು. ಅಂದರೆ ನಮ್ಮ ದೇಶದಲ್ಲಿ ಕಟ್ಟಡಕ್ಕೆ ಎರಡೇ ವಯಸ್ಸಿನಲ್ಲಿ ಮರ್ಯಾದೆ: ತೊಟ್ಟಿಲಲ್ಲಿರುವಾಗ ಒಮ್ಮೆ, ನೂರು ದಾಟಿದ ಮೇಲೆ ಒಮ್ಮೆ. ನಡುವಿನ ತೊಂಬತ್ತೊಂಬತ್ತು ವರ್ಷ, ಅಂದರೆ ಜನ ಅದರಲ್ಲಿ ನಿಜವಾಗಿ ಬಾಳಿ ಬದುಕುವ ಕಾಲದಲ್ಲಿ, ಅದು ಅನಾಥ. ಖಾಸಗಿ ಸಂಸ್ಥೆಗಳು ಅಲ್ಲೊಮ್ಮೆ ಇಲ್ಲೊಮ್ಮೆ ಹಳೆಯ ಮನೆಯನ್ನು ಕಾಪಾಡಿಕೊಂಡು ಬಂದವರಿಗೆ ಶಾಲು ಹೊದಿಸುವುದುಂಟು. ಅದು ಮೆಚ್ಚತಕ್ಕ ಕೆಲಸವೇ. ಆದರೆ ಶಾಲಿನಿಂದ ಗೋಡೆ ಉಳಿಯುವುದಿಲ್ಲ.

ಇದು ಬರೀ ಮರ್ಯಾದೆಯ ಪ್ರಶ್ನೆಯಾಗಿದ್ದರೆ ಇಷ್ಟು ಮಾತು ಬೇಕಿರಲಿಲ್ಲ. ಮಾನ್ಯತೆ ಸಿಗದ ಕಟ್ಟಡ ನೆಲಸಮವಾಗುತ್ತದೆ, ಕಷ್ಟವಿರುವುದು ಅಲ್ಲಿ. 1972ರಲ್ಲಿ, ಸ್ವಾತಂತ್ರ್ಯದ ಬೆಳ್ಳಿಹಬ್ಬದ ವರ್ಷ, ದೆಹಲಿಯ ಪ್ರಗತಿ ಮೈದಾನದಲ್ಲಿ ‘ಹಾಲ್ ಆಫ್ ನೇಷನ್ಸ್’ ಎಂಬ ಭವ್ಯ ಸಭಾಂಗಣ ಎದ್ದು ನಿಂತಿತು. ವಾಸ್ತುಶಿಲ್ಪಿ ರಾಜ್ ರೇವಾಲ್, ಎಂಜಿನಿಯರ್ ಮಹೇಂದ್ರ ರಾಜ್. ಬೇರೆ ದೇಶದವರಾಗಿದ್ದರೆ ಅಂಥ ಜಾಲರಿಯನ್ನು ಉಕ್ಕಿನ ಕೊಳವೆಗಳಿಂದ ಜೋಡಿಸುತ್ತಿದ್ದರು. ನಮ್ಮಲ್ಲಿ ಉಕ್ಕು ದುಬಾರಿ, ಕೂಲಿಯ ಕೈಗಳು ಧಾರಾಳ. ಆದ್ದರಿಂದ ಇಡೀ ಜಾಲರಿಯನ್ನು ಸ್ಥಳದಲ್ಲೇ ಕಾಂಕ್ರೀಟಿನಲ್ಲಿ ಎರಕ ಹೊಯ್ದರು. ನಮ್ಮ ಬಡತನವನ್ನೇ ಬಂಡವಾಳ ಮಾಡಿಕೊಂಡ ಕೆಲಸ ಅದು. ಪ್ರಪಂಚದ ಎಂಜಿನಿಯರರು ಕಣ್ಣರಳಿಸಿ ನೋಡಿದ ಕೆಲಸ. 2017ರ ಏಪ್ರಿಲಿನಲ್ಲಿ ಒಂದು ರಾತ್ರಿ ಅದನ್ನು ಕೆಡವಿ ಹಾಕಿದರು. ಕೆಡವುವುದನ್ನು ತಡೆಯಬೇಕೆಂದು ಮೊರೆಯಿಟ್ಟವರಿಗೆ ಸಿಕ್ಕ ಉತ್ತರವೇನು? ಅರವತ್ತು ವರ್ಷ ತುಂಬಿದ ಕಟ್ಟಡಗಳನ್ನು ಮಾತ್ರ ಪಾರಂಪರಿಕವೆಂದು ಪರಿಗಣಿಸಲಾಗುವುದು ಎಂದು. ಅದಕ್ಕೆ ಆಗ ನಲವತ್ತೈದು. ಹದಿನೈದು ವರ್ಷ ಸಾಲದೆ ಬಂದು ಸತ್ತಿತು. ಹಿರಿತನಕ್ಕೂ ಹಿರಿಮೆಗೂ ವ್ಯತ್ಯಾಸ ತಿಳಿಯದ ಸಮಾಜದಲ್ಲಿ ಇನ್ನೇನು ತಾನೇ ಆಗುತ್ತದೆ?

ದೆಹಲಿ ದೂರವಾಯಿತು ಎನ್ನುವವರು ನಮ್ಮ ಊರುಗಳನ್ನೇ ನೋಡಲಿ. ಬೆಂಗಳೂರಿನ ಅಠಾರಾ ಕಚೇರಿ 1868ರಲ್ಲಿ ಪೂರ್ಣವಾದದ್ದು. 1980ರ ದಶಕದಲ್ಲಿ ಅದನ್ನೂ ಕೆಡವುವ ಪ್ರಸ್ತಾಪ ಬಂತು. ನಾಗರಿಕರು ದಾವೆ ಹೂಡಿದರು. ಆ ದಾವೆಯ ವಿಚಾರಣೆ ಅದೇ ಕಟ್ಟಡದಲ್ಲಿದ್ದ ಹೈಕೋರ್ಟಿನಲ್ಲೇ ನಡೆಯಿತು. ನೂರು ವರ್ಷ ದಾಟಿ ಊರಿನ ಕಣ್ಣಿಗೆ ಕಟ್ಟುವಂತೆ ನಿಂತಿದ್ದ ಆ ಕೆಂಪು ಕಟ್ಟಡಕ್ಕೇ ಆ ಗತಿ ಬರಲಿದ್ದರೆ ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರಗಳ ಸಣ್ಣ ಮನೆಗಳ ಪಾಡೇನು? ಕಿಟಕಿಯ ಮೇಲೆ ಮರದ ಪಟ್ಟಿಗಳ ಚೂಪು ಮುಸುಕು ಹೊತ್ತ ‘ಮಂಕಿ ಟಾಪ್’ ಮನೆಗಳು ಒಂದೊಂದಾಗಿ ಮಾಯವಾದಾಗ ಯಾವ ಕೋರ್ಟಿಗೂ ಸುದ್ದಿ ಮುಟ್ಟಲಿಲ್ಲ. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರಲ್ಲಿ ಕುಸಿದು ನಾಲ್ವರು ಸತ್ತರು. ದೇವರಾಜ ಮಾರುಕಟ್ಟೆಯ ಒಂದು ಭಾಗ 2016ರಲ್ಲಿ ಬಿತ್ತು. ಅವು ಬಿದ್ದ ಮೇಲೆ ಉಳಿಸಬೇಕೇ, ಕೆಡವಬೇಕೇ ಎಂಬ ವಾದ ಎದ್ದಿತು. ಬೀಳುವುದಕ್ಕೆ ಮುಂಚೆ ಮಾಡಿಗೆ ಹೆಂಚು ಹೊದಿಸಿ ಗೋಡೆಗೆ ಗಾರೆ ಹಚ್ಚಿಸುವುದಕ್ಕೆ ಬೇಕಾಗಿದ್ದ ಆಸಕ್ತಿ ಯಾರಲ್ಲಿತ್ತು? ಮೆಚ್ಚುಗೆ ಇಲ್ಲದ ಕಡೆ ದುರಸ್ತಿಯೂ ಇರುವುದಿಲ್ಲ.

ಈಗ ಮೂಲ ಪ್ರಶ್ನೆಗೆ ಬರೋಣ. ಒಂದು ಸೀಮೆಯ ಕಟ್ಟಡದಲ್ಲಿ ಶ್ರೇಷ್ಠತೆ ಎಂದರೆ ಏನು? ಆ ಸೀಮೆಯ ಮಳೆ, ಗಾಳಿ, ಬಿಸಿಲು, ಮಣ್ಣು, ಅಲ್ಲಿನವರ ಬದುಕಿನ ರೀತಿ, ಇವಕ್ಕೆ ಸರಿಯಾದ ಉತ್ತರ ಹೇಳುವುದು. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮಿಗಿಲಾಗಿ ಮಳೆ ಸುರಿಯುತ್ತದೆ. ಅಲ್ಲಿನ ಮನೆಯ ಮಾಡು ಕಡಿದಾಗಿ ಇಳಿದು, ಸೂರು ಗೋಡೆಯಿಂದ ದೂರಕ್ಕೆ ಚಾಚಿಕೊಂಡಿರುವುದು ಚೆಂದಕ್ಕಲ್ಲ; ಎರಚಲು ಗೋಡೆಗೆ ಬಡಿಯಬಾರದೆಂದು. ಜಗಲಿ ಇರುವುದು ಅಡಕೆ ಸುಲಿಯುವುದಕ್ಕೆ, ಮಳೆಯಲ್ಲಿ ನೆನೆದು ಬಂದವನು ಕಂಬಳಿ ಕೊಡವುವುದಕ್ಕೆ, ಬಂದವರ ಹತ್ತಿರ ನಾಲ್ಕು ಮಾತಾಡುವುದಕ್ಕೆ. ಅದೇ ಉತ್ತರ ಕರ್ನಾಟಕದ ಒಣಸೀಮೆಗೆ ಹೋದರೆ ದಪ್ಪ ಗೋಡೆ, ಸಣ್ಣ ಕಿಟಕಿ, ಮಣ್ಣು ಮುಚ್ಚಿದ ಮಾಳಿಗೆ, ಅದರ ನಡುವೆ ಒಂದು ಬೆಳಕಿಂಡಿ. ವೈಶಾಖದ ಮಧ್ಯಾಹ್ನ ಆ ಮನೆಯೊಳಗೆ ಹೊಕ್ಕವನಿಗೆ ಅದರ ಶ್ರೇಷ್ಠತೆಯನ್ನು ಯಾವ ತೀರ್ಪುಗಾರನೂ ವಿವರಿಸಬೇಕಾಗಿಲ್ಲ. ಇಂಥ ಮನೆಗಳನ್ನು ಕಟ್ಟಿದವರು ಪ್ರಶಸ್ತಿ ಸಮಿತಿಗೆ ಅರ್ಜಿ ಹಾಕಿದವರಲ್ಲ. ಮಳೆ ಬಿಸಿಲುಗಳೇ ಅವರಿಗೆ ತೀರ್ಪುಗಾರರು, ಮತ್ತು ಆ ತೀರ್ಪುಗಾರರಿಗೆ ಶಿಫಾರಸು ನಡೆಯುವುದಿಲ್ಲ.

ಇತ್ತ ನಮ್ಮ ಹೊಸ ಕಟ್ಟಡಗಳು ಏನು ಮಾಡುತ್ತಿವೆ? ಪಡುವಣ ಬಿಸಿಲಿಗೆ ಮುಖವೊಡ್ಡಿ ಮೇಲಿಂದ ಕೆಳಗಿನವರೆಗೆ ಗಾಜು ಹಚ್ಚಿ, ಒಳಗೆ ಕುದಿಯುವ ಶಾಖವನ್ನು ಯಂತ್ರದಿಂದ ಹೊರಗೆ ನೂಕುವುದು. ಫ್ಯಾನೂ ಬೇಡವೆಂದು ಹೆಸರಾಗಿದ್ದ ಬೆಂಗಳೂರಿನಲ್ಲಿ ಹೀಗೆ! ವಾಸ್ತು ಎಂಬ ಮಾತು ನಮ್ಮ ಮಧ್ಯಮ ವರ್ಗದವರ ಬಾಯಲ್ಲಿ ಈಗ ದಿನವೂ ಇದೆ. ಆದರೆ ಬಾಗಿಲಿನ ದಿಕ್ಕಿಗಾಗಿ ಗೋಡೆ ಒಡೆಸುವವರು ಗಾಳಿಯ ದಿಕ್ಕನ್ನು ವಿಚಾರಿಸುವುದೇ ಇಲ್ಲ.

‘ಸೀಮೆಯ ಶೈಲಿ’ ಎಂದೊಡನೆ ಇನ್ನೊಂದು ಅಪಾಯವೂ ಬಂದು ಕೂರುತ್ತದೆ, ಅದನ್ನೂ ಹೇಳಿಬಿಡಬೇಕು. ಹಳ್ಳಿಯ ತೊಟ್ಟಿಮನೆಯನ್ನು ಕೆಡವಿಸಿ ಅದರ ಕೆತ್ತನೆಯ ಕಂಬಗಳನ್ನು ಲಾರಿಯಲ್ಲಿ ತಂದು ರೆಸಾರ್ಟಿನ ಹಜಾರದಲ್ಲಿ ನಿಲ್ಲಿಸುತ್ತಾರೆ. ಕಂಬದ ಮೇಲೆ ಭಾರವಿಲ್ಲ. ಭಾರ ಹೊತ್ತದ್ದು ಒಳಗಿನ ಕಾಂಕ್ರೀಟು. ತಾರಸಿ ಹಾಕಿ, ಅದರ ಮೇಲೆ ಮಂಗಳೂರು ಹೆಂಚನ್ನು ಗಾರೆಯಿಂದ ಅಂಟಿಸುತ್ತಾರೆ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಆ ಹೆಂಚಿನ ಕಾರ್ಖಾನೆ ತೆರೆದಾಗ ಅದು ಹೊಸ ಕಾಲದ ಯಂತ್ರದ ಸರಕು. ಕರಾವಳಿಯ ಮಳೆಗೆ ಹೊಂದಿಕೊಂಡಿತು, ನಮ್ಮದಾಯಿತು. ಇಂದು ಅದೇ ಹೆಂಚು ಮಳೆಯನ್ನು ತಡೆಯದೆ ಬರೀ ವೇಷವಾಗಿದೆ. ಈ ವೇಷಕ್ಕೆ ‘ಪ್ರಾದೇಶಿಕ ವಾಸ್ತುಶಿಲ್ಪ’ ಎಂದು ಬಹುಮಾನ ಕೊಟ್ಟರೆ ಯಕ್ಷಗಾನದ ಕಿರೀಟ ಇಟ್ಟುಕೊಂಡವನನ್ನೆಲ್ಲ ಭಾಗವತನೆಂದು ಕರೆದಂತಾಯಿತು.

ವೇಷವಿಲ್ಲದೆ ಸೀಮೆಗೆ ಸಲ್ಲುವುದು ಹೇಗೆಂಬುದಕ್ಕೆ ನಮ್ಮ ಮುಂದೆಯೇ ಉದಾಹರಣೆಗಳಿವೆ. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟಿನ ಆವರಣವನ್ನು ಬಾಲಕೃಷ್ಣ ದೋಶಿ 1970ರ ದಶಕದಲ್ಲಿ ಯೋಜಿಸಿದರು. ಅವರ ಮನಸ್ಸಿನಲ್ಲಿದ್ದುದು ಫತೇಪುರ ಸಿಕ್ರಿಯ ಅಂಗಳಗಳು. ಕೈಗೆ ಎತ್ತಿಕೊಂಡದ್ದು ಬೆಂಗಳೂರಿನ ಒರಟು ಕಗ್ಗಲ್ಲು ಮತ್ತು ಹಸಿರು. ಒಂದು ಕಡೆ ಮುಚ್ಚಿದ, ಇನ್ನೊಂದು ಕಡೆ ತೆರೆದ ಆ ಉದ್ದ ಮೊಗಸಾಲೆಗಳಲ್ಲಿ ನಡೆದವರಿಗೆ ಗೊತ್ತು, ಅಲ್ಲಿ ಒಂದು ಹೆಂಚಾಗಲಿ ಕೆತ್ತಿದ ಕಂಬವಾಗಲಿ ಬೇಕಾಗಿಲ್ಲ; ಈ ಊರಿನ ಬೆಳಕು ಮತ್ತು ಗಾಳಿಯೇ ಅಲ್ಲಿನ ಅಲಂಕಾರ. ದೋಶಿಯವರಿಗೆ ಪ್ರಿಟ್ಸ್‌ಕರ್ ಪ್ರಶಸ್ತಿ ಬಂದದ್ದು 2018ರಲ್ಲಿ, ಅವರ ತೊಂಬತ್ತನೆಯ ವಯಸ್ಸಿನಲ್ಲಿ. ಆಗ ನಮ್ಮ ಪತ್ರಿಕೆಗಳೆಲ್ಲ ಆ ಆವರಣದ ಕಡೆ ತಿರುಗಿ ನೋಡಿದವು. ಹೊರಗಿನವರು ಬೆರಳು ತೋರಿಸುವ ತನಕ ಕಾಯಬೇಕಾಗಿತ್ತೆ? ಜರ್ಮನಿಯಿಂದ ಬಂದ ಆಟೋ ಕೋನಿಗ್ಸ್‌ಬರ್ಗರ್ 1939ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾಗಿ ನಮ್ಮ ಬಿಸಿಲು ಮಳೆಗಳನ್ನು ಕಲಿತರು; ಮುಂದೆ ಲಂಡನ್ನಿನಲ್ಲಿ ಉಷ್ಣವಲಯದ ಕಟ್ಟಡಗಳ ಪಾಠ ಹೇಳಿ ಜಗತ್ತಿಗೇ ಗುರುವಾದರು. ಬಸವನಗುಡಿಯ ಕೃಷ್ಣರಾವ್ ಉದ್ಯಾನದಲ್ಲಿ ಅವರು ಕಟ್ಟಿಸಿದ ಮಂಟಪದಲ್ಲಿ ಕುಳಿತು ಕಡಲೆಕಾಯಿ ತಿನ್ನುವವರಲ್ಲಿ ಅವರ ಹೆಸರು ಕೇಳಿದವರು ಎಷ್ಟು ಮಂದಿ?

ಹೆಸರಿನ ಮಾತು ಬಂದುದರಿಂದ ಇನ್ನೊಂದು ಅನ್ಯಾಯವನ್ನೂ ಎತ್ತಬೇಕು. 1268ರ ಸೋಮನಾಥಪುರದ ದೇವಾಲಯದಲ್ಲಿ ಮಲ್ಲಿತಮ್ಮ ಎಂಬ ರೂವಾರಿ ತಾನು ಕಡೆದ ವಿಗ್ರಹಗಳ ಕೆಳಗೆ ತನ್ನ ಹೆಸರನ್ನು ಕೆತ್ತಿದ್ದಾನೆ. ಬೇಲೂರಿನಲ್ಲಿ ದಾಸೋಜ, ಚಾವಣ ಎಂಬ ಹೆಸರುಗಳು ಇಂದಿಗೂ ಓದಲು ಸಿಗುತ್ತವೆ. ದೊರೆಗಳ ಕಾಲದಲ್ಲಿ ಕಲ್ಲುಕೆಲಸದವನಿಗೆ ಸಹಿ ಹಾಕುವ ಹಕ್ಕಿತ್ತು. 1956ರಲ್ಲಿ ಪ್ರಜೆಗಳ ಸರ್ಕಾರ ಕಟ್ಟಿ ಮುಗಿಸಿದ ವಿಧಾನಸೌಧದಲ್ಲಿ ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರ ಹೆಸರು ನಮಗೆ ಗೊತ್ತು, ಎಂಜಿನಿಯರ್ ಮಾಣಿಕ್ಯಂ ಅವರ ಹೆಸರೂ ಬಲ್ಲವರಿಗೆ ಗೊತ್ತು. ಆ ಕಲ್ಲನ್ನು ಕಡಿದು ಏರಿಸಿದ ಸಾವಿರಾರು ಜನರಲ್ಲಿ ಒಬ್ಬನ ಹೆಸರನ್ನಾದರೂ ನಾವು ಹೇಳಬಲ್ಲೆವೆ? ಸರ್ಕಾರ ಜಕಣಾಚಾರಿಯ ಹೆಸರಿನಲ್ಲಿ ಶಿಲ್ಪಿಗಳಿಗೆ ಪ್ರಶಸ್ತಿ ಕೊಡುತ್ತದೆ, ಸಂತೋಷ. ಆದರೆ ಸೋರದ ಮಾಡನ್ನು ಕಟ್ಟಿದ ಬಡಗಿ, ಬಿರುಕು ಬಿಡದ ಗೋಡೆಯನ್ನು ಎಬ್ಬಿಸಿದ ಮೇಸ್ತ್ರಿ, ಇವರೂ ಆ ವಂಶದವರೇ ಅಲ್ಲವೆ?

ಹೀಗೆ ಮಾಡಲು ಸಾಧ್ಯವಿಲ್ಲ ಎನ್ನುವವರಿಗೆ ಹೊರಗಿನ ಎರಡು ಪದ್ಧತಿಗಳನ್ನು ತೋರಿಸುತ್ತೇನೆ. ಅಮೆರಿಕದ ವಾಸ್ತುಶಿಲ್ಪಿಗಳ ಸಂಸ್ಥೆ 1969ರಲ್ಲಿ ಮೊದಲು ಕೊಟ್ಟ ಒಂದು ಪ್ರಶಸ್ತಿಯ ಹೆಸರೇ ‘ಇಪ್ಪತ್ತೈದು ವರ್ಷದ ಪ್ರಶಸ್ತಿ’. ಅಷ್ಟು ಕಾಲ ಬಾಳಿ ಗೆದ್ದ ಕಟ್ಟಡಕ್ಕೇ ಅದು. ಇನ್ನೊಂದು ಮುಸ್ಲಿಂ ಸಮಾಜಗಳ ಕಟ್ಟಡಗಳಿಗಾಗಿ 1977ರಲ್ಲಿ ಸ್ಥಾಪನೆಯಾದ ಆಗಾ ಖಾನ್ ಪ್ರಶಸ್ತಿ. ಕಟ್ಟಡ ಒಂದು ವರ್ಷವಾದರೂ ಬಳಕೆಯಲ್ಲಿರಬೇಕು. ತಜ್ಞರು ಸ್ಥಳಕ್ಕೇ ಹೋಗಿ ನೋಡಿ ಬರಬೇಕು. ಆಫ್ರಿಕದ ಮಾಲಿ ದೇಶದ ನಿಯೋನೊ ಎಂಬ ಊರಿನ ಮಣ್ಣಿನ ಮಸೀದಿಗೆ 1983ರಲ್ಲಿ ಅದನ್ನು ಕೊಟ್ಟಾಗ ಗೌರವ ಪಡೆದವನು ಲಸ್ಸಿನೆ ಮಿಂತಾ ಎಂಬ ಮೇಸ್ತ್ರಿ. 1986ರಲ್ಲಿ ನೈಜರ್ ದೇಶದ ಯಾಮಾ ಮಸೀದಿಯ ಸರದಿ; ಅದನ್ನು ಕಟ್ಟಿದವನು ಫಾಲ್ಕೆ ಬಾರ್ಮು, ಅವನೂ ಮೇಸ್ತ್ರಿಯೇ.

ಇಪ್ಪತ್ತೈದು ವರ್ಷ ಕಾದರೆ ತರುಣ ವಾಸ್ತುಶಿಲ್ಪಿಗಳ ಗತಿಯೇನು ಎಂಬ ಆಕ್ಷೇಪವನ್ನು ನಿರೀಕ್ಷಿಸಬಹುದು. ಅವರಿಗೂ ಬಹುಮಾನ ಕೊಡಿ. ಆದರೆ ಅದನ್ನು ನಕ್ಷೆಗೆ ಕೊಟ್ಟ ಬಹುಮಾನವೆಂದು ಕರೆಯಿರಿ, ಕಟ್ಟಡದ್ದೆಂದು ಬೇಡ. ಇನ್ನೊಂದು ಆಕ್ಷೇಪ ಇದಕ್ಕಿಂತ ಭಾರವಾದದ್ದು. ‘ನಿಮ್ಮ ಮೆಚ್ಚುಗೆಗಾಗಿ ನಾನು ಸೈಟಿನ ಬೆಲೆ ಕಳೆದುಕೊಳ್ಳಲೇ?’ ಎಂದು ಹಳೆಯ ಮನೆಯ ಯಜಮಾನ ಕೇಳುತ್ತಾನೆ. ಮೂವರು ಮಕ್ಕಳಿಗೆ ಪಾಲು ಕೊಡಬೇಕಾದವನ ಪ್ರಶ್ನೆ ಅದು. ಅದನ್ನು ಅರಸಿಕತೆ ಎಂದು ತಳ್ಳಿಹಾಕುವುದು ತಪ್ಪು. ಊರಿಗೆ ಆ ಮನೆ ಬೇಕಾದರೆ ಊರು ಖರ್ಚಿನಲ್ಲಿ ಪಾಲು ತೆಗೆದುಕೊಳ್ಳಬೇಕು. ಆದ್ದರಿಂದಲೇ ಬರೀ ಫಲಕ ಸಾಲದು ಎನ್ನುವುದು.

ಬೇಕಾದದ್ದು ಇಷ್ಟು. ಇಪ್ಪತ್ತೈದು ವರ್ಷ ಬಳಕೆಯಾದ ಕಟ್ಟಡಗಳಿಗೆ, ಜಿಲ್ಲೆಗೊಂದರಂತೆ, ರಾಜ್ಯದ ಮಾನ್ಯತೆ ಸಿಗಲಿ. ಅದು ಶಾಲೆಯಾಗಲಿ, ಬಸ್‌ನಿಲ್ದಾಣವಾಗಲಿ, ಮೂರು ಅಂಕಣದ ಮನೆಯಾಗಲಿ, ಭೇದ ಬೇಡ. ಫಲಕದಲ್ಲಿ ಯೋಜಿಸಿದವರ ಹೆಸರಿನ ಪಕ್ಕದಲ್ಲೇ ಮೇಸ್ತ್ರಿ, ಬಡಗಿಯರ ಹೆಸರು ಇರಲಿ; ಇಷ್ಟು ಕಾಲ ಜೋಪಾನ ಮಾಡಿದವರದೂ ಇರಲಿ. ಮಾನ್ಯತೆ ಪಡೆದ ಮನೆಗೆ ನಗರಪಾಲಿಕೆ ಕಂದಾಯ ಬಿಡಲಿ, ದುರಸ್ತಿಗೆ ನೆರವಾಗಲಿ. ಅದನ್ನು ಕೆಡವಬೇಕಾದರೆ ಊರಿನವರ ಎದುರಿಗೆ ಹಗಲು ಹೊತ್ತಿನಲ್ಲಿ ಕಾರಣ ಹೇಳಿಯೇ ಕೆಡವಲಿ.

ತೀರ್ಪುಗಾರರಿಗೂ ಒಂದು ಸೂಚನೆ. ಫೋಟೋಗಳನ್ನು ಪಕ್ಕಕ್ಕಿಟ್ಟು ಆಷಾಢದಲ್ಲಿ ಒಮ್ಮೆ, ಚೈತ್ರ ವೈಶಾಖದ ಉರಿಯಲ್ಲಿ ಒಮ್ಮೆ ಕೊಡೆ ಹಿಡಿದು ಹೊರಡಿ. ವಾಸ್ತುಶಿಲ್ಪಿ ಮನೆಯಲ್ಲಿಲ್ಲದ ಹೊತ್ತು ನೋಡಿಕೊಂಡು ಬಾಗಿಲು ತಟ್ಟಿ. ‘ಮಳೆ ಬಂದಾಗ ಬಕೆಟ್ಟುಗಳನ್ನು ಎಲ್ಲೆಲ್ಲಿ ಇಡುತ್ತೀರಮ್ಮ?’ ಎಂದು ಮನೆಯ ಯಜಮಾನಿಯನ್ನು ಕೇಳಿ. ಆಕೆ ನಕ್ಕು ಒಳಗೆ ಕರೆದರೆ, ಹೋಗಿ ನೋಡಿ ಬನ್ನಿ. ಆಮೇಲೆ ಅಂಕ ಕೊಡಿ.