ನಾನು ಇಲ್ಲಿ ಕ್ಷೇಮ

ಕನ್ನಡ ಶಾಲೆಗಳಲ್ಲಿ ಪತ್ರಲೇಖನವನ್ನು ಕಲಿಸುವ ಉಪಾಧ್ಯಾಯರು ಮಕ್ಕಳಿಗೆ ಮೊಟ್ಟಮೊದಲು ಬರೆಯಿಸುವ ವಾಕ್ಯ ಬಹುಮಟ್ಟಿಗೆ ಸುಳ್ಳು. 'ನಾನು ಇಲ್ಲಿ ಕ್ಷೇಮ. ನಿಮ್ಮ ಕ್ಷೇಮಕ್ಕೆ ಪತ್ರ ಬರೆಯುತ್ತಿರಬೇಕು.' ಬರೆಯುವವನು ಜ್ವರದಿಂದ ಹಾಸಿಗೆ ಹಿಡಿದಿರಲಿ, ಪರೀಕ್ಷೆಯಲ್ಲಿ ನಪಾಸಾಗಿರಲಿ, ಕೈಯಲ್ಲಿ ಕಾಸಿಲ್ಲದಿರಲಿ, ಮೊದಲು ಕ್ಷೇಮವನ್ನು ನಿವೇದಿಸಿಯೇ ಮುಂದುವರಿಯಬೇಕು. ದೊಡ್ಡವರಿಗೆ ಈ ಸಂಪ್ರದಾಯ ರಕ್ತಗತವಾಗಿದೆ. ಅವರು ಎಷ್ಟೋ ವೇಳೆ ಕ್ಷೇಮದಿಂದ ಮುಂದಕ್ಕೆ ಹೋಗುವುದೇ ಇಲ್ಲ. ಮಕ್ಕಳಾದರೋ ಎರಡನೆಯ ವಾಕ್ಯಕ್ಕೇ ನಿಜಕ್ಕೆ ಇಳಿದುಬಿಡುತ್ತಾರೆ. ಮನೆ ಬಿಟ್ಟುಹೋದ ಮಗುವಿನ ಕಾಗದ ಓದಿದವರಿಗೆ ನಗುವೂ ಕಣ್ಣೀರೂ ಒಟ್ಟಿಗೆ ಬರುವುದು ಈ ಕಾರಣದಿಂದ.

1980ರ ದಶಕದ ಒಂದು ಬೇಸಿಗೆಯಲ್ಲಿ ಗೇರುಸೊಪ್ಪೆಯ ಒಂದು ಮನೆಗೆ ಇಂಥ ಕಾಗದಗಳು ಬಂದವು. ಊರಿನ ಹೆಸರನ್ನು ಹೇಳಿ ಮನೆಯವರ ಹೆಸರನ್ನು ಬಿಡುವುದೇ ಮರ್ಯಾದೆ. ಮನೆಯಲ್ಲಿದ್ದವರು ಅಜ್ಜಿ, ಅಪ್ಪ, ಆಯಿ ಮತ್ತು ಹತ್ತು ವರ್ಷದ ಒಬ್ಬನೇ ಮಗ. ಮೈಸೂರಿನಲ್ಲಿ ನೌಕರಿಯಲ್ಲಿದ್ದ ಸೋದರಮಾವ, ಹುಡುಗನಿಗೆ ನಾಲ್ಕು ಜನರೊಡನೆ ಬೆರೆಯುವ ಅಭ್ಯಾಸವಾಗಲಿ ಎಂದು ಅಲ್ಲಿನ ಒಂದು ಬೇಸಿಗೆ ಶಿಬಿರಕ್ಕೆ ಅವನ ಹೆಸರನ್ನು ಬರೆಯಿಸಿದ. ಒಂದು ತಿಂಗಳ ವಾಸ. ಹಾಡು, ಚಿತ್ರ, ಕೊನೆಯಲ್ಲೊಂದು ನಾಟಕ. ಅಪ್ಪನಿಗೆ ಇದು ಹೆಮ್ಮೆಯ ವಿಷಯವೆನಿಸಿತು. ಗೇರುಹಣ್ಣು, ಹಲಸು, ಮಾವು ಎಲ್ಲವೂ ಒಟ್ಟಿಗೆ ಹಣ್ಣಾಗುವ ಕಾಲದಲ್ಲಿ ಮಗುವನ್ನು ಘಟ್ಟ ಹತ್ತಿಸಿ ಕಳುಹಿಸುವವರಿಗೆ ಬುದ್ಧಿಯಿಲ್ಲವೆಂದು ಅಜ್ಜಿ ಸ್ಪಷ್ಟವಾಗಿಯೇ ಹೇಳಿದಳು. ಆಯಿ ಏನನ್ನೂ ಹೇಳಲಿಲ್ಲ. ವಿಳಾಸ ಬರೆದ ಹತ್ತು ಪೋಸ್ಟ್ ಕಾರ್ಡುಗಳನ್ನು ಮಗನ ಚೀಲದಲ್ಲಿ ಇಟ್ಟಳು. ಬಸ್ಸು ಹೊರಡುವ ಮುನ್ನ ಅವನ ಕಿವಿಯಲ್ಲಿ ಏನನ್ನೋ ಉಸುರಿದಳು.

ಪೋಸ್ಟ್ ಕಾರ್ಡು ಮಕ್ಕಳ ದುಃಖಕ್ಕೆ ತಕ್ಕ ವಾಹನವಲ್ಲ. 1879ರಲ್ಲಿ ಕಾಲಾಣೆಯ ಬೆಲೆಗೆ ಈ ದೇಶದಲ್ಲಿ ಅದು ಬಳಕೆಗೆ ಬಂದಂದಿನಿಂದಲೂ ಅದಕ್ಕೆ ಗುಟ್ಟೆಂಬುದಿಲ್ಲ. ಮಡಿಚಿ ಅಂಟಿಸುವ ಇನ್‌ಲ್ಯಾಂಡ್ ಪತ್ರ ಬಂದದ್ದು 1950ರಲ್ಲಿ. ಅದಕ್ಕೆ ಖರ್ಚು ಹೆಚ್ಚು. ಆದ್ದರಿಂದ ಹುಡುಗನ ಮೊದಲ ಕಾರ್ಡು ಮನೆಯನ್ನು ತಲುಪುವುದಕ್ಕೆ ಮುಂಚೆಯೇ ಅದರ ಸಾರಾಂಶ ಕೇರಿಯನ್ನು ತಲುಪಿತ್ತು.

'ತೀರ್ಥರೂಪ ಅಪ್ಪನಿಗೆ ಸಾಷ್ಟಾಂಗ ನಮಸ್ಕಾರಗಳು. ನಾನು ಇಲ್ಲಿ ಕ್ಷೆಮ. ಬಸ್ಸಿನಲ್ಲಿ ಮೂರು ಸಲ ವಾಂತಿ ಆಯಿತು. ಇಲ್ಲಿ ಅನ್ನ ಬೆಳ್ಳಗೆ ಇದೆ, ರುಚಿ ಇಲ್ಲ. ರಾತ್ರಿ ರಾಗಿಮುದ್ದೆ ಹಾಕಿದರು. ಅದನ್ನು ಅಗಿಯಬಾರದಂತೆ. ನಾನು ಅಗಿದೆ. ಎಲ್ಲರೂ ನಕ್ಕರು. ಅಪ್ಪೆಮಿಡಿ ಉಪ್ಪಿನಕಾಯಿ ಮುಗಿಯಿತು, ಏಕೆಂದರೆ ಎಲ್ಲರೂ ಕೇಳಿದರು.'

ಸಂಜೆಯ ಹೊತ್ತಿಗೆ ಮೂರು ಮನೆಯವರು ಬಂದು ವಾಂತಿ ನಿಂತಿತೇ ಎಂದು ವಿಚಾರಿಸಿಕೊಂಡು ಹೋದರು. ಕುಚ್ಚಲಕ್ಕಿಯ ಅನ್ನ ಉಂಡು ಬೆಳೆದ ನಾಲಗೆಗೆ ಬೆಳ್ತಿಗೆಯ ಅನ್ನ ಪರದೇಶವೇ ಸರಿ ಎಂಬುದು ಕೇರಿಯ ಸರ್ವಾನುಮತದ ತೀರ್ಮಾನವಾಯಿತು.

ಎರಡನೆಯ ಕಾರ್ಡು ಆಯಿಯ ಹೆಸರಿಗೆ ಬಂತು. 'ನೀನು ಬಸ್ಸಿನ ಹತ್ತಿರ ಹೇಳಿದ್ದು ನೆನಪಿದೆಯಲ್ಲ? ನನಗೆ ಬೇಜಾರಾಗಿದೆ. ರಾತ್ರಿ ಹೊಳೆಯ ಸಪ್ಪಳ ಇಲ್ಲದೆ ನಿದ್ದೆ ಬರುವುದಿಲ್ಲ. ಅಪ್ಪನನ್ನು ಕೂಡಲೇ ಕಳಿಸು. ಶನಿವಾರ ಬೇಡ, ಅವತ್ತು ಪ್ರಾಣಿ ಸಂಗ್ರಹಾಲಯಕ್ಕೆ ಕರೆದುಕೊಂಡು ಹೋಗುತ್ತಾರೆ. ಆದಿತ್ಯವಾರವೂ ಬೇಡ, ಪಾಯಸ ಮಾಡುತ್ತಾರಂತೆ.'

ಆಯಿ ಗುಟ್ಟಾಗಿ ಕೊಟ್ಟಿದ್ದ ವಚನ ಹೀಗೆ ಬಯಲಾಯಿತು. ಬೇಜಾರಾದರೆ ಒಂದು ಕಾರ್ಡು ಹಾಕು, ಅಪ್ಪ ಬಂದು ಕರೆತರುತ್ತಾನೆ ಎಂದು ಆಕೆ ಹೇಳಿದ್ದಳು. ಹೇಳದ ತಾಯಿ ಯಾರು? ಆದರೆ ಮಕ್ಕಳ ಮನಸ್ಸನ್ನು ಬಲ್ಲವರು ಇದನ್ನೇ ಬೇಡವೆನ್ನುತ್ತಾರೆ. ಅಮೆರಿಕದ ಮಕ್ಕಳ ವೈದ್ಯರ ಸಂಸ್ಥೆ 2007ರಲ್ಲಿ ಮನೆಯ ಹಂಬಲದ ವಿಷಯವಾಗಿಯೇ ಒಂದು ವರದಿಯನ್ನು ಪ್ರಕಟಿಸಿತು. ಬೇಸರವಾದರೆ ಕರೆದುಕೊಂಡು ಬರುತ್ತೇವೆಂಬ ಒಪ್ಪಂದವನ್ನು ಮುಂಚಿತವಾಗಿ ಮಾಡಿಕೊಳ್ಳಬಾರದೆಂದು ಅದರ ಸಲಹೆ. ನೀನು ಅಲ್ಲಿ ನಿಲ್ಲಲಾರೆ ಎಂಬ ಸಂದೇಹವನ್ನು ಆ ಮಾತೇ ಮಗುವಿನೊಳಗೆ ಬಿತ್ತುತ್ತದೆ. ಹೀಗೆ ವೈದ್ಯರು ಈ ಹಂಬಲದ ವಿಚಾರಕ್ಕೆ ತೊಡಗಿದ್ದು ಹೊಸದೇನಲ್ಲ. ಊರಿನಿಂದ ದೂರವಾದವರ ಈ ಸಂಕಟಕ್ಕೆ 'ನಾಸ್ಟಾಲ್ಜಿಯ' ಎಂಬ ಹೆಸರನ್ನು ಕಟ್ಟಿದವನು ಯೋಹಾನೆಸ್ ಹೋಫರ್ ಎಂಬ ವೈದ್ಯವಿದ್ಯಾರ್ಥಿ, 1688ರಲ್ಲಿ, ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ. ಅವನ ಪಾಲಿಗೆ ಅದೊಂದು ರೋಗ. ಮನೆಗೆ ಹಿಂತಿರುಗಿಸುವುದೇ ಪರಮೌಷಧ. ಗೇರುಸೊಪ್ಪೆಯ ಅಜ್ಜಿ ಹೋಫರನ ಪಕ್ಷ.

ಅಪ್ಪ ಹೊರಡಲಿಲ್ಲ. ಮೈಸೂರಿನಲ್ಲಿ ಹುಡುಗ ಅತ್ತದ್ದು ನಾಲ್ಕು ದಿವಸಗಳ ಹಿಂದೆ. ಆ ಅಳು ಇಲ್ಲಿಗೆ ಬರುವಷ್ಟರಲ್ಲಿ ಅಲ್ಲಿ ಕಣ್ಣು ಒಣಗಿರುತ್ತದೆ ಎಂದು ಅವನ ವಾದ. ಅದರಲ್ಲಿ ಹುರುಳಿಲ್ಲದೆ ಇರಲಿಲ್ಲ. ಅಮೆರಿಕದಲ್ಲಿ 1861ರಷ್ಟು ಹಿಂದೆಯೇ ಗನ್ ಎಂಬ ಉಪಾಧ್ಯಾಯರು ತಮ್ಮ ಶಾಲೆಯ ಹುಡುಗರನ್ನು ಬಯಲಿನ ಬಿಡಾರಕ್ಕೆ ಕರೆದೊಯ್ದಂದಿನಿಂದ ಶಿಬಿರದ ಪದ್ಧತಿ ಬೆಳೆದು, ಶಿಬಿರದ ಕಾಗದಗಳದೇ ಒಂದು ಹಾಸ್ಯಪರಂಪರೆ ಅಲ್ಲುಂಟು. ಆಲನ್ ಶರ್ಮನ್ ಎಂಬ ಹಾಸ್ಯಗಾರನು ತನ್ನ ಮಗ ಶಿಬಿರದಿಂದ ಬರೆದ ದೂರುಗಳನ್ನು ಆಧಾರವಾಗಿಟ್ಟುಕೊಂಡು 1963ರಲ್ಲಿ ಒಂದು ಹಾಡನ್ನು ಹಾಡಿ ದೇಶವನ್ನೇ ನಗಿಸಿದ. ಹಾಡಿನ ಹುಡುಗ ಮಳೆಯಲ್ಲಿ ನೆನೆಯುತ್ತ, ತನ್ನನ್ನು ಮನೆಗೆ ಕರೆಸಿಕೊಳ್ಳಿರೆಂದು ಗೋಗರೆಯುತ್ತಾನೆ. ಕಾಗದ ಮುಗಿಯುವಷ್ಟರಲ್ಲಿ ಮಳೆ ನಿಂತು, ಮಕ್ಕಳು ಆಟಕ್ಕೆ ಇಳಿದು, ಬರೆದದ್ದನ್ನೆಲ್ಲ ಮರೆತುಬಿಡಿ ಎನ್ನುತ್ತಾನೆ.

ಮೂರನೆಯ ಕಾರ್ಡು ಅಪ್ಪನ ವಾದವನ್ನು ಎತ್ತಿಹಿಡಿಯಿತು. ಹುಡುಗನಿಗೆ ಈಗ ಮನೆಯ ಚಿಂತೆಯಿಲ್ಲ, ಜಗಳದ ಚಿಂತೆ. 'ನಾನು ಇಲ್ಲಿ ಕ್ಷೆಮ. ಜೋಗದ ಜಲಪಾತ ನಮ್ಮದು ಎಂದು ಹೇಳಿದೆ. ಶಿವಮೊಗ್ಗದ ಹುಡುಗ ಅದು ಅವರದು ಎಂದ. ಇಂಗ್ಲಿಷಿನವರು ಅದಕ್ಕೆ ಗೇರುಸೊಪ್ಪೆ ಫಾಲ್ಸ್ ಎಂದು ಬರೆದಿದ್ದಾರೆ ಅಂತ ನೀನು ಹೇಳಿದ್ದೆಯಲ್ಲ, ಆ ಪುಸ್ತಕ ಕಳಿಸು. ಅರಮನೆ ನೋಡಿದೆ. ನಮ್ಮ ಬಸದಿಗೆ ನಾಲ್ಕು ದಿಕ್ಕಿಗೂ ಬಾಗಿಲಿದೆ ಎಂದರೆ ಯಾರೂ ನಂಬುವುದಿಲ್ಲ.'

ಹುಡುಗನ ಪಕ್ಷ ದುರ್ಬಲವೆಂದೇ ಹೇಳಬೇಕು. ಹಳೆಯ ಇಂಗ್ಲಿಷ್ ಗ್ರಂಥಗಳಲ್ಲಿ ಜೋಗಕ್ಕೆ ಗೇರುಸೊಪ್ಪೆಯ ಹೆಸರೇ ಇರುವುದು ನಿಜ. ಆದರೆ ಆ 830 ಅಡಿಗಳ ಧುಮುಕು ಘಟ್ಟದ ಮೇಲಿನ ಸಾಗರ ತಾಲ್ಲೂಕಿಗೆ ಸೇರಿದ್ದು. ಕೆಳಗಿನವರ ಪಾಲಿಗೆ ಉಳಿದದ್ದು ಬಿದ್ದು ಬಂದ ನೀರು ಮಾತ್ರ. ಬಸದಿಯ ವಿಷಯದಲ್ಲಾದರೋ ಅವನು ಹೇಳಿದ್ದು ಅಕ್ಷರಶಃ ಸತ್ಯ. ಕಾಳುಮೆಣಸಿನ ರಾಣಿಯೆಂದು ಪೋರ್ಚುಗೀಸರಿಂದ ಹೆಸರು ಪಡೆದ ಚೆನ್ನಭೈರಾದೇವಿಯ ಕಾಲದ ವೈಭವಕ್ಕೆ ಆ ಚತುರ್ಮುಖ ಬಸದಿ ಇಂದಿಗೂ ಕಾಡಿನ ನಡುವೆ ಸಾಕ್ಷಿಯಾಗಿ ನಿಂತಿದೆ.

ಮನೆಯಿಂದ ದೂರವಾಗಿ ಕಾಗದ ಬರೆದವರ ಪಟ್ಟಿಯಲ್ಲಿ ಗೇರುಸೊಪ್ಪೆಗೆ ಇನ್ನೊಂದು ಹಳೆಯ ನಂಟುಂಟು. ರೋಮಿನ ಪಿಯೆತ್ರೊ ದೆಲ್ಲಾ ವಾಲ್ಲೆ 1623ರ ನವೆಂಬರಿನಲ್ಲಿ ಹೊನ್ನಾವರದಿಂದ ದೋಣಿಯಲ್ಲಿ ಶರಾವತಿಯ ಮೇಲೆ ಇಲ್ಲಿಗೆ ಬಂದು, ಘಟ್ಟ ಹತ್ತಿ ಇಕ್ಕೇರಿಯ ವೆಂಕಟಪ್ಪನಾಯಕನ ಆಸ್ಥಾನಕ್ಕೆ ಹೋದ. ಊರು ಬಿಟ್ಟು ಒಂಬತ್ತು ವರ್ಷಗಳಾಗಿದ್ದವು. ಪರ್ಷಿಯಾದಲ್ಲಿ ತೀರಿಕೊಂಡ ಹೆಂಡತಿಯ ದೇಹವನ್ನು ರೋಮಿನಲ್ಲಿ ಮಣ್ಣುಮಾಡಬೇಕೆಂದು ಪೆಟ್ಟಿಗೆಯಲ್ಲಿಟ್ಟು ತನ್ನ ಪ್ರಯಾಣದುದ್ದಕ್ಕೂ ಕಾದುಕೊಂಡಿದ್ದ. ಅಂಥವನು ನೇಪಲ್ಸಿನ ಗೆಳೆಯನಿಗೆ ಬರೆದದ್ದೇನು? ಈ ನದಿಯ ಚೆಲುವನ್ನು ಬರೆದ; ಕಾಡು ಬೆಳೆದ ಹಾಳು ರಾಜಧಾನಿಯನ್ನು ಬರೆದ; ಘಟ್ಟದ ಮೇಲೆ ಒಂದು ಗುಡಿಯ ಜಗಲಿಯಲ್ಲಿ ನಾಲ್ವರು ಹುಡುಗರು ನೆಲಕ್ಕೆ ಮರಳು ಹರಡಿ, ರಾಗವಾಗಿ ಹೇಳುತ್ತ ಬೆರಳಿನಿಂದ ಲೆಕ್ಕ ಬರೆಯುತ್ತಿದ್ದುದನ್ನು ವಿಸ್ತಾರವಾಗಿ ಬರೆದ. ಗುರುವಿಲ್ಲದಾಗ ತಪ್ಪಿದರೆ ತಿದ್ದುವವರಾರು ಎಂದು ಅವನು ಕೇಳಿದ್ದಕ್ಕೆ, ನಾಲ್ವರೂ ಒಂದೇ ಕಡೆ ಹೇಗೆ ತಪ್ಪುತ್ತೇವೆ ಎಂದು ಮಕ್ಕಳು ಉತ್ತರಕೊಟ್ಟರಂತೆ. ಸಂಕಟದಲ್ಲಿರುವವನ ಕಾಗದದಲ್ಲಿ ಸಂಕಟವೇ ಇರಬೇಕೆಂದಿಲ್ಲ.

ಗೇರುಸೊಪ್ಪೆಯ ಮನೆಗೆ ಬಂದ ನಾಲ್ಕನೆಯ ಕಾರ್ಡಿನಲ್ಲಿಯೂ ಸಂಕಟವಿರಲಿಲ್ಲ. 'ತೀರ್ಥರೂಪ ತಂದೆಯವರ ಚರಣಕಮಲಗಳಲ್ಲಿ ಸಾಷ್ಟಾಂಗ ಪ್ರಣಾಮಗಳು. ನಾನು ಇಲ್ಲಿ ಕ್ಷೇಮ. ಶಿಬಿರದ ಚಟುವಟಿಕೆಗಳು ಸುಗಮವಾಗಿ ನಡೆಯುತ್ತಿವೆ. ಮಾತೃಶ್ರೀಯವರಿಗೂ ಅಜ್ಜಿಯವರಿಗೂ ನಮಸ್ಕಾರಗಳನ್ನು ತಿಳಿಸುವುದು.' ಗಂಧದ ಕಡ್ಡಿಯಂತೆ ನೆಟ್ಟಗಿದ್ದ ಸಾಲುಗಳು. ಅಪ್ಪ ಎರಡು ಸಲ ಓದಿ, ಶಿಬಿರಕ್ಕೆ ಕೊಟ್ಟ ಹಣ ಸಾರ್ಥಕವಾಯಿತೆಂದ. ಅಜ್ಜಿ ಕೂಡ ಮೊಮ್ಮಗನ ವಿನಯಕ್ಕೆ ತಲೆದೂಗಿದಳು. ಆಯಿ ಕಾರ್ಡನ್ನು ಬೆಳಕಿಗೆ ಹಿಡಿದು ನೋಡಿದಳು. ಒಳಗೆ ಹೋಗಿ ಹಿಂದಿನ ಮೂರನ್ನೂ ತಂದಳು. ಅವುಗಳಲ್ಲಿ ಎಲ್ಲಿಯೂ 'ಕ್ಷೇ' ಇರಲಿಲ್ಲ. ಒಂದನೆಯ ತರಗತಿಯಿಂದಲೂ ದೀರ್ಘವನ್ನು ನುಂಗುವುದು ಅವನ ಅಭ್ಯಾಸ. ಮಾಸ್ತರರ ಬೆತ್ತಕ್ಕೂ ಅದು ಹೋಗಿರಲಿಲ್ಲ. ಇಷ್ಟು ದಿವಸ 'ಕ್ಷೆಮ'ದಿಂದ ಇದ್ದವನು ಈಗ 'ಕ್ಷೇಮ'ವಾಗಿದ್ದಾನೆ. ಇದನ್ನು ಅವನು ಬರೆದದ್ದಲ್ಲ, ನೀವು ಈ ರಾತ್ರಿಯೇ ಹೊರಡಬೇಕು ಎಂದಳು.

ನಗುವ ಮಾತಲ್ಲ. ರೋಆಲ್ಡ್ ಡಾಲ್ ಎಂಬ ಇಂಗ್ಲಿಷ್ ಲೇಖಕ ಒಂಬತ್ತು ವರ್ಷದವನಾಗಿದ್ದಾಗ, 1925ರಲ್ಲಿ, ವಸತಿಶಾಲೆಯನ್ನು ಸೇರಿದ. ಕಡಲ ಕವಲಿನ ಆಚೆಯಲ್ಲಿ ಮನೆ. ರಾತ್ರಿ ಆ ದಿಕ್ಕಿಗೆ ಮುಖಮಾಡಿ ಮಲಗುತ್ತಿದ್ದನಂತೆ. ಹೊಟ್ಟೆನೋವೆಂದು ನಟಿಸಿ ಒಮ್ಮೆ ಮನೆಗೂ ಹೋಗಿಬಂದ. ಆದರೆ ಪ್ರತಿ ಭಾನುವಾರ ತಾಯಿಗೆ ಬರೆದ ಕಾಗದಗಳಲ್ಲಿ ಈ ದುಃಖದ ಸುಳಿವಿಲ್ಲ. ಹೆಗಲ ಮೇಲಿಂದ ಮುಖ್ಯೋಪಾಧ್ಯಾಯರು ಇಣುಕುತ್ತಿದ್ದರು. ಅವರ ಜಾಣತನ ಇನ್ನೂ ಒಂದಿತ್ತು. ಕಾಗುಣಿತದ ತಪ್ಪುಗಳನ್ನು ಕಾಗದದಲ್ಲಿ ತಿದ್ದಗೊಡುತ್ತಿರಲಿಲ್ಲ. ತಪ್ಪುಗಳಿದ್ದರೆ ತಾನೇ, ಮಗು ಮನಸಾರೆ ಬರೆದಿದೆಯೆಂದು ತಾಯಿತಂದೆಗಳು ನಂಬುವುದು! ಆ ತಾಯಿ 600ಕ್ಕೂ ಹೆಚ್ಚು ಕಾಗದಗಳನ್ನು ಕಟ್ಟಿಟ್ಟಿದ್ದಳು. 1967ರಲ್ಲಿ ಆಕೆ ತೀರಿಕೊಂಡ ಮೇಲೆಯೇ ಅದು ಮಗನಿಗೆ ತಿಳಿದದ್ದು. ದೂರುಗಳಿಂದ ತುಂಬಿದ ಕಾಗದಕ್ಕೆ ಹೆದರಬೇಕಾದುದಿಲ್ಲ. ಹೆದರಬೇಕಾದುದು ಅಚ್ಚುಕಟ್ಟಾದ ಕಾಗದಕ್ಕೆ.

ಅಪ್ಪ ಗೇರುಸೊಪ್ಪೆಯ ಘಾಟಿ ಹತ್ತಿ, ಸಾಗರ, ಶಿವಮೊಗ್ಗಗಳ ಮೇಲೆ ಎರಡು ಬಸ್ಸು ಬದಲಿಸಿ ಮೈಸೂರನ್ನು ಮುಟ್ಟಿದಾಗ ಹುಡುಗ ಬಲಗೈಯನ್ನು ಕೊರಳಿಗೆ ಕಟ್ಟಿಕೊಂಡು ಮಾವಿನ ಮರದ ಕೆಳಗೆ ಕುಳಿತಿದ್ದ. ಮರದಿಂದ ಬಿದ್ದು ಮುಂಗೈಯ ಎಲುಬು ಬಿರಿದು ಆರು ದಿವಸಗಳಾಗಿದ್ದವು. ವೈದ್ಯರು ನೋಡಿ ಕಟ್ಟುಹಾಕಿದ್ದರು. ಊರಿನವರಿಗೆ ಗಾಬರಿ ಬೇಡವೆಂದು ಶಿಬಿರದ ಹಿರಿಯರೊಬ್ಬರು, ಕೈಬರಹ ಚೆನ್ನಾಗಿದ್ದ ಇನ್ನೊಬ್ಬ ಹುಡುಗನಿಗೆ ಹೇಳಿ ಕಾರ್ಡು ಬರೆಯಿಸಿದ್ದರು. ಹಾಗೆ ಬರೆದುಕೊಟ್ಟವನು ಜೋಗದ ಜಗಳದ ಶಿವಮೊಗ್ಗದವನೇ. ಅಪ್ಪ ಆ ಹಿರಿಯರಿಗೆ ನಾಲ್ಕು ಬಿರುಮಾತುಗಳನ್ನು ಆಡಿ, ಮಗನ ಚೀಲವನ್ನು ಕಟ್ಟಲು ಹೋದರೆ ಮಗನೇ ಅಡ್ಡ ನಿಂತ. ನಾಟಕಕ್ಕೆ ಇನ್ನು ಐದು ದಿವಸ. ಅವನಿಗೆ ದ್ವಾರಪಾಲಕನ ಪಾತ್ರ. ಈಟಿಯನ್ನು ಎಡಗೈಯಲ್ಲಿ ಹಿಡಿದರೂ ಸಾಗುತ್ತದೆಯೆಂದು ಒಪ್ಪಿಸಿದ್ದಾನಂತೆ. ಬೇಜಾರು ಏನಾಯಿತೆಂದು ಕೇಳಿದರೆ, ಯಾವ ಬೇಜಾರು ಎಂದ.

ಸೋದರಮಾವ ಊರಿನಲ್ಲಿರಲಿಲ್ಲ. ಅಪ್ಪ ಒಂದು ಲಾಡ್ಜಿನಲ್ಲಿ ಐದು ದಿವಸ ಉಳಿಯಬೇಕಾಯಿತು. ಅಲ್ಲಿಂದ ಅವನು ಹಾಕಿದ ಕಾರ್ಡನ್ನು ಗೇರುಸೊಪ್ಪೆಯಲ್ಲಿ ಎಂದಿನಂತೆ ಮೊದಲು ಕೇರಿ ಓದಿತು. ಆಮೇಲೆ ಆಯಿ ಓದಿದಳು.

'ನಾನು ಇಲ್ಲಿ ಕ್ಷೇಮ. ಮಗನ ಕೈಗೆ ಸ್ವಲ್ಪ ಪೆಟ್ಟು, ಭಯವಿಲ್ಲ, ಬಂದ ಮೇಲೆ ಎಲ್ಲ ಹೇಳುತ್ತೇನೆ. ಇಲ್ಲಿಯ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ. ಮೂರು ರಾತ್ರಿಗಳಿಂದ ನಿದ್ದೆಯಿಲ್ಲ. ಹೊಳೆಯಲ್ಲಿ ನೀರು ಎಷ್ಟಿದೆ? ನಾವು ಬರುವ ದಿವಸ ಅಪ್ಪೆಹುಳಿ ಮಾಡಿಸಿರಬೇಕು.'

ಕೆಳಗೆ ಅಂಚಿನಲ್ಲಿ, ಎಡಗೈಯಿಂದ ಗೀಚಿದ, ಇರುವೆ ಸತ್ತು ಬಿದ್ದಂತಿದ್ದ ಎರಡೇ ಪದಗಳು: 'ನಾನೂ ಕ್ಷೆಮ.'