ಹೆಸರಿನ ಋಣ

'ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ತತ್ವಾರ' ಎಂಬ ಗಾದೆಯನ್ನು ಕೇಳದವರು ವಿರಳ. ಹೆಸರಿಗೂ ಬಾಳಿಗೂ ಇರುವ ಅಂತರವನ್ನು ಕಂಡು ನಗುವುದು ನಮ್ಮ ಜನರ ಸ್ವಭಾವ. ಆದರೆ ಒಂದು ಸಮಾಜವೇ ಸದ್ಗುಣಗಳನ್ನು ಹೆಸರಿನಲ್ಲಿ ಧರಿಸಿ ನಡತೆಯಲ್ಲಿ ಮರೆತುಬಿಟ್ಟಾಗ ಆ ನಗೆ ವಿಷಾದಕ್ಕೆ ತಿರುಗುತ್ತದೆ. ಯು. ಆರ್. ಅನಂತಮೂರ್ತಿಯವರ 'ಸಂಸ್ಕಾರ' (1965) ಕಾದಂಬರಿಯನ್ನು ಈ ದೃಷ್ಟಿಯಿಂದಲೂ ಓದಬೇಕೆಂಬುದು ನನ್ನ ನಮ್ರ ಅಭಿಪ್ರಾಯ.

ಕಟ್ಟುನಿಟ್ಟಿನ ಧರ್ಮನಿಷ್ಠೆಗೆ ಹೆಸರಾದ ಪ್ಯೂರಿಟನ್ ಪಂಥದವರು ಮಕ್ಕಳಿಗೆ ಶ್ರದ್ಧೆ, ದಯೆ, ತಾಳ್ಮೆ ಮುಂತಾದ ಗುಣಗಳನ್ನೇ ಹೆಸರಾಗಿ ಇಡುತ್ತಿದ್ದರು. ಅವರು ನೆಲೆಸಿದ್ದ ಅಮೇರಿಕೆಯ ಸೇಲಂ ಪ್ರಾಂತದಲ್ಲಿ 1692ರಲ್ಲಿ ಮಾಟದ ಆರೋಪದ ಮೇಲೆ 19 ಜನರನ್ನು ಗಲ್ಲಿಗೇರಿಸಲಾಯಿತು. ಆರೋಪ ಹೊರಿಸಿದ ಹುಡುಗಿಯರಲ್ಲಿ ಒಬ್ಬಳ ಹೆಸರು ಮರ್ಸಿ, ಎಂದರೆ ದಯೆ! ಆ ವಿಚಾರಣೆಯ ನ್ಯಾಯಾಧೀಶನೊಬ್ಬನ ವಂಶದಲ್ಲೇ ಹುಟ್ಟಿದ ಹಾಥಾರ್ನ್ ಎಂಬ ಲೇಖಕನು 1835ರಲ್ಲಿ ಬರೆದ ಕಥೆಯೊಂದರಲ್ಲಿ ನಾಯಕನ ಹೆಂಡತಿಗೆ ಫೇತ್, ಎಂದರೆ ಶ್ರದ್ಧೆ, ಎಂದು ಹೆಸರಿಟ್ಟನು. ರಾತ್ರಿ ಕಾಡಿನ ಸೈತಾನನ ಸಭೆಯಲ್ಲಿ ಊರ ಸಜ್ಜನರ ಜೊತೆಗೆ ಅವಳನ್ನೂ ಕಂಡಂತಾಗಿ, ಆ ನಾಯಕನು ಬಾಳಿನುದ್ದಕ್ಕೂ ನಂಬಿಕೆಯನ್ನೇ ಕಳೆದುಕೊಳ್ಳುತ್ತಾನೆ.

ನಮ್ಮ 'ಸಂಸ್ಕಾರ'ದ ದೂರ್ವಾಸಪುರವೂ ಇಂಥದೇ ಊರು. ಆಚಾರಗಳನ್ನೆಲ್ಲ ಗಾಳಿಗೆ ತೂರಿ ಚಂದ್ರಿಯೊಡನೆ ಬಾಳಿದ ನಾರಣಪ್ಪ ಸತ್ತಿದ್ದಾನೆ. ಹೆಣಕ್ಕೆ ಸಂಸ್ಕಾರ ಮಾಡುವವರಾರು ಎಂಬುದೇ ಸಮಸ್ಯೆ. ನಾರಣಪ್ಪನೆಂದರೆ ನಾರಾಯಣ. ನಾರಾಯಣನನ್ನು ಹೊರಬೇಕಾದವನು ಗರುಡ. ಆದರೆ ಇಲ್ಲಿಯ ಗರುಡಾಚಾರ್ಯ ಮೊದಲು ಹಿಂಜರಿಯುತ್ತಾನೆ. ಚಂದ್ರಿ ತನ್ನ ಒಡವೆಗಳನ್ನು ಕಳಚಿ ಮುಂದಿಟ್ಟ ಮೇಲೆ ಅವನ ಮನಸ್ಸು ಓಲಾಡುತ್ತದೆ. ಅಣ್ಣನಿಗಾಗಿ ಅರಮನೆಯನ್ನೇ ಬಿಟ್ಟವನ ಹೆಸರನ್ನು ಹೊತ್ತ ಲಕ್ಷ್ಮಣಾಚಾರ್ಯನಿಗೂ ಅದೇ ಚಿನ್ನದ ಆಸೆ. ಅವನ ಹೆಂಡತಿ ಅನಸೂಯೆ. ಅಸೂಯೆ ಇಲ್ಲದವಳು ಎಂದು ಆ ಹೆಸರಿನ ಅರ್ಥ. ಆಕೆಯೋ, ಆ ಒಡವೆಗಳು ನ್ಯಾಯವಾಗಿ ತನ್ನ ಒಡಹುಟ್ಟಿದವಳಿಗೆ ಸೇರಬೇಕಾಗಿತ್ತೆಂದು ಕುದಿಯುತ್ತಾಳೆ. ಹರಿಯುವ ಗಂಗೆಯ ಹೆಸರಿನ ಭಾಗೀರಥಿ ಹಾಸಿಗೆ ಹಿಡಿದ ರೋಗಿ. ಮುಖ್ಯಪ್ರಾಣನಾದ ಮಾರುತಿಯನ್ನು ನೆನಪಿಗೆ ತರುವ ಹೆಸರಿನ ಪ್ರಾಣೇಶಾಚಾರ್ಯರಿಗೆ ಮಾರುತಿಯ ಗುಡಿಯಲ್ಲಿ ಎಷ್ಟು ಕಾದರೂ ಉತ್ತರ ದೊರೆಯುವುದಿಲ್ಲ.

ಹಾಗಾದರೆ ನಾರಣಪ್ಪನ ಹೆಣ ಸುಟ್ಟವರಾರು? ಮೀನಿನ ವ್ಯಾಪಾರಿ ಅಹಮದ್ ಬ್ಯಾರಿ! ಕಷ್ಟಕಾಲದಲ್ಲಿ ನಾರಣಪ್ಪ ಮಾಡಿದ ಸಹಾಯವನ್ನು ನೆನೆದು, ಚಂದ್ರಿಯ ಮಾತಿಗೆ ಓಗೊಟ್ಟು, ಆತ ರಾತ್ರಿಯಲ್ಲಿ ಆ ಕೆಲಸವನ್ನು ಮುಗಿಸುತ್ತಾನೆ. ಗರುಡನ ಕೆಲಸ ಗರುಡನೆಂಬ ಹೆಸರಿಲ್ಲದವನಿಂದ ನಡೆಯಿತು. ಕಾದಂಬರಿಯ ವ್ಯಂಗ್ಯಕ್ಕೆ ಇದಕ್ಕಿಂತ ತೀಕ್ಷ್ಣವಾದ ಮೊನೆ ಬೇರೆ ಬೇಕೆ?

'ಇವು ಅಗ್ರಹಾರದ ವಾಡಿಕೆಯ ಹೆಸರುಗಳಲ್ಲವೇ? ಇದರಲ್ಲಿ ಲೇಖಕರ ಉದ್ದೇಶವನ್ನೇಕೆ ಹುಡುಕಬೇಕು?' ಎಂದು ಕೆಲವರು ಕೇಳಬಹುದು. ವಾಡಿಕೆಯ ಹೆಸರುಗಳು ನಿಜ. ಫೇತ್, ಮರ್ಸಿ ಎಂಬವೂ ಆ ನಾಡಿನ ವಾಡಿಕೆಯ ಹೆಸರುಗಳೇ. ದಿನವೂ ಕೂಗಿ ಕೂಗಿ ಅರ್ಥ ಸವೆದುಹೋದುದರಿಂದಲೇ ಅವು ಯಾರನ್ನೂ ಚುಚ್ಚುವುದಿಲ್ಲ. ಸಾಹಿತಿಯು ಸವೆದ ನಾಣ್ಯವನ್ನು ತಿಕ್ಕಿ ಅದರ ಬೆಲೆಯನ್ನು ಮತ್ತೆ ತೋರಿಸುತ್ತಾನೆ.

ಇದು ಒಂದು ಜಾತಿಯ ವಿಡಂಬನೆ ಮಾತ್ರವೆಂದು ಉಳಿದ ನಾವು ಹಾಯಾಗಿರುವುದು ತರವಲ್ಲ. ಮುಗಳಖೋಡದ ನಮ್ಮ ಕಡೆಯೂ ಸತ್ಯಪ್ಪ, ಧರ್ಮಣ್ಣ, ಶಾಂತವ್ವರಿದ್ದಾರೆ. ಹುಟ್ಟಿದ ಕೂಸುಗಳು ಉಳಿಯದಿದ್ದರೆ ಮುಂದಿನದಕ್ಕೆ ತಿಪ್ಪಣ್ಣನೆಂದೂ, ಹೆಣ್ಣುಗಳೇ ಸಾಲಾಗಿ ಹುಟ್ಟಿದರೆ ಕೊನೆಯವಳಿಗೆ ಸಾಕವ್ವನೆಂದೂ ಹೆಸರಿಡುವ ರೂಢಿಯಿತ್ತು. ತಿಪ್ಪೆಯ ಹೆಸರನ್ನು ಹೊತ್ತು ಮಾನದಿಂದ ಬಾಳಿದವರು, ಬೇಡವೆಂದು ಕರೆಸಿಕೊಂಡೂ ಮುಪ್ಪಿನ ತಾಯಿತಂದೆಗಳನ್ನು ಸಾಕಿದವರು ನಮ್ಮ ನಡುವೆಯೇ ಇಲ್ಲವೇ? ಕೀಳು ಹೆಸರು ಅವರ ಗುಣವನ್ನು ತಡೆಯಲಿಲ್ಲ. ಮೇಲು ಹೆಸರು ದೂರ್ವಾಸಪುರವನ್ನು ಉಳಿಸಲಿಲ್ಲ.

ಮಿತ್ರರೇ, ಇನ್ನು ಕೆಲವೇ ತಿಂಗಳಲ್ಲಿ ನಮ್ಮ ಹೆಸರಿನ ಮುಂದೆಯೂ ಬಿ.ಎ. ಎಂಬ ಎರಡಕ್ಷರಗಳು ಸೇರಲಿವೆ. ನಮ್ಮ ಮನೆತನದಲ್ಲಿ ಅವನ್ನು ಮೊದಲು ಪಡೆಯುವವರಲ್ಲಿ ನಾನೊಬ್ಬ. ಊರವರು ನಮ್ಮನ್ನು 'ಕಲಿತವರು' ಎಂದು ಕರೆಯುತ್ತಾರೆ. ಅದೂ ಒಂದು ಗುಣವಾಚಕ ಹೆಸರೇ. ನೆರೆಮನೆಯಲ್ಲಿ ಸಾವಾದಾಗ ಜಾತಿ ಕೇಳದೆ ಹೆಗಲು ಕೊಟ್ಟರೆ ಆ ಹೆಸರಿನ ಋಣ ಸ್ವಲ್ಪವಾದರೂ ತೀರೀತು.